ಸತ್ತವನ ಮಾತು ಯಾರ ಬಾಯಲ್ಲಿ?

ಎಂ.ಎ. ಮೊದಲ ವರ್ಷದಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯ ನಾರಣಪ್ಪನ ಬಗ್ಗೆ ಹನ್ನೊಂದು ಪುಟ ಬರೆದುಕೊಟ್ಟಿದ್ದೆ. ಬಂಡುಕೋರ, ಭೋಗಿ, ಕಪಟ ಸಹಿಸದವನು, ಧೈರ್ಯವಂತ, ಒಳಗೊಳಗೇ ಒಂಟಿ. ಹೀಗೆ ಒಂದೊಂದು ಗುಣಕ್ಕೆ ಒಂದೊಂದು ಪ್ಯಾರಾ. ಮೇಷ್ಟ್ರು ವಾಪಸ್ ಕೊಟ್ಟಾಗ ಮೊದಲ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದೇ ಸಾಲು ಇತ್ತು: ‘ಇದನ್ನೆಲ್ಲ ನಿಮಗೆ ಹೇಳಿದವರು ಯಾರು?’

ಎಲ್ಲಿಂದಲೋ ನಕಲು ಹೊಡೆದಿದ್ದೇನೆ ಅಂತ ಅನುಮಾನಪಟ್ಟಿದ್ದಾರೆ ಅಂದುಕೊಂಡೆ. ಎರಡು ದಿನ ಸಿಟ್ಟಿನಲ್ಲೇ ಇದ್ದೆ. ಕೊನೆಗೆ ಜಗಳ ಆಡಲಿಕ್ಕೇ ಬೇಕು ಅಂತ, ನಾನು ಬರೆದ ಒಂದೊಂದು ಗುಣಕ್ಕೂ ಕಾದಂಬರಿಯಲ್ಲಿ ಆಧಾರ ಹುಡುಕಲು ಕೂತೆ. ಅರ್ಧ ಗಂಟೆಯಲ್ಲೇ ಸಿಟ್ಟು ಇಳಿಯಿತು. ಕಾದಂಬರಿ ಶುರುವಾಗುವ ಹೊತ್ತಿಗೆ ನಾರಣಪ್ಪ ಸತ್ತಿದ್ದಾನೆ. ಅವನ ಜೊತೆಗಿದ್ದ ಚಂದ್ರಿ ಬಂದು ಆ ಸುದ್ದಿ ಹೇಳುವುದರಿಂದಲೇ ಕಥೆ ಹೊರಡುತ್ತದೆ. ಕಥೆಯ ವರ್ತಮಾನದಲ್ಲಿ ಅವನು ಬಾಯಿ ಬಿಡುವುದಿಲ್ಲ. ನನಗೆ ಗೊತ್ತಿದ್ದದ್ದೆಲ್ಲ ಯಾರೋ ಅವನ ಬಗ್ಗೆ ಆಡಿದ್ದು, ಇಲ್ಲ ಯಾರೋ ನೆನಪಿಸಿಕೊಂಡದ್ದು. ನಾನೋ, ಅವನಿದ್ದ ಅಗ್ರಹಾರದ ಬ್ರಾಹ್ಮಣರ ಮಾತನ್ನೇ ಎತ್ತಿಕೊಂಡು ಲೇಖಕರ ತಲೆಗೆ ಕಟ್ಟಿದ್ದೆ.

ಅವತ್ತು ಒಂದು ನೋಟ್‌ಪುಸ್ತಕದಲ್ಲಿ ಮೂರು ಖಾನೆ ಎಳೆದೆ: ಯಾರು ಹೇಳಿದರು, ಯಾರಿಗೆ ಹೇಳಿದರು, ಏನು ಹೇಳಿದರು. ಇಷ್ಟು ವರ್ಷವಾದರೂ ಯಾವ ಪಾತ್ರದ ಬಗ್ಗೆ ಬರೆಯಬೇಕಾದರೂ ಅದೇ ಖಾನೆಗಳಿಂದ ಶುರು ಮಾಡುತ್ತೇನೆ.

ಮೊದಲ ಸುತ್ತಿನಲ್ಲಿ ತುಂಬಿದ್ದು ದೂರುಗಳು. ಸಾಲಿಗ್ರಾಮ ಹೊಳೆಗೆಸೆದ, ದೇವರ ಕೊಳದ ಮೀನು ಹಿಡಿದ, ಕಟ್ಟಿಕೊಂಡವಳನ್ನು ಬಿಟ್ಟು ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡ, ಗರುಡಾಚಾರ್ಯನ ಮಗನ ತಲೆ ಕೆಡಿಸಿ ಮಿಲಿಟರಿ ಸೇರುವ ಹಾಗೆ ಮಾಡಿದ. ದೂರು ಹೇಳುವ ಒಬ್ಬೊಬ್ಬರಿಗೂ ಅವನ ಜೊತೆ ಹಳೆಯ ಲೆಕ್ಕವೊಂದು ಬಾಕಿ ಇದೆ ಅನ್ನುವುದು ಪಟ್ಟಿ ಮಾಡಿದಾಗ ಕಣ್ಣಿಗೆ ಹೊಡೆಯಿತು. ಗರುಡಾಚಾರ್ಯನಿಗೆ ಮಗ ಕೈತಪ್ಪಿದ ಸಂಕಟ. ಲಕ್ಷ್ಮಣಾಚಾರ್ಯನ ಹೆಂಡತಿಗೆ ನಾರಣಪ್ಪ ಕಟ್ಟಿಕೊಂಡು ಬಿಟ್ಟ ತನ್ನ ತಂಗಿಯ ಬಾಳು ಹಾಳಾದ ಸಂಕಟ. ಇಷ್ಟನ್ನೇ ಇಟ್ಟುಕೊಂಡು ‘ಪಕ್ಷಪಾತದ ಸಾಕ್ಷಿಗಳು’ ಅಂತ ಒಂದು ಲೇಖನ ಬರೆಯಬಹುದಿತ್ತು. ಬರೆಯಲು ಹೊರಟೂ ಇದ್ದೆ.

ಅಷ್ಟರಲ್ಲಿ ಒಂದು ತೊಡಕು ಬಂತು. ಲಕ್ಷ್ಮಣಾಚಾರ್ಯ, ಗರುಡಾಚಾರ್ಯ ಇಬ್ಬರ ಹೆಸರೂ ಪಟ್ಟಿಯಲ್ಲಿ ಎರಡೆರಡು ಸಲ ಬಂದಿತ್ತು, ಆ ಎರಡು ಸಲದ ಮಾತಿಗೂ ತಾಳೆಯಾಗುತ್ತಿರಲಿಲ್ಲ. ಮೊದಲು ಶವಸಂಸ್ಕಾರ ತನ್ನದಲ್ಲ, ಅವನದು ಎಂದು ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಆಮೇಲೆ ನೋಡಿದರೆ ತಾನೇ ಮಾಡುತ್ತೇನೆ, ಅಪ್ಪಣೆ ಕೊಡಿ ಎಂದು ಒಬ್ಬರಿಗೆ ತಿಳಿಯದಂತೆ ಒಬ್ಬರು, ಅಗ್ರಹಾರಕ್ಕೆಲ್ಲ ಹಿರಿಯ ಪಂಡಿತರಾದ ಪ್ರಾಣೇಶಾಚಾರ್ಯರ ಮನೆಗೆ ಬರುತ್ತಾರೆ. ಸತ್ತವನು ಅದೇ ಮನುಷ್ಯ, ಹೆಣವೂ ಅದೇ. ನಡುವೆ ಏನಾಗಿದೆ? ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿ ಎಲ್ಲರೆದುರು ಇಟ್ಟಿದ್ದಾಳೆ.

ನಾಲ್ಕನೆಯ ಖಾನೆ ಎಳೆದದ್ದು ಆಗ: ಯಾವಾಗ. ಕಾದಂಬರಿಯ ರಚನೆ ಅಂದರೆ ಏನು ಅಂತ ಪಾಠಗಳಲ್ಲಿ ಕೇಳಿದ್ದೆ, ಅಧ್ಯಾಯ, ಭಾಗ, ಆರಂಭ, ತಿರುವು, ಅಂತ್ಯ ಇತ್ಯಾದಿ. ಅದು ನಿಜವಾಗಿ ಅರ್ಥವಾದದ್ದು ಆ ಖಾನೆ ತುಂಬುವಾಗ. ಲೇಖಕರು ಆ ಇಬ್ಬರ ಬಗ್ಗೆ ‘ದುರಾಸೆಯವರು’ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿಯೇ ಇಲ್ಲ. ಚಿನ್ನದ ದೃಶ್ಯವನ್ನು ಆ ಎರಡು ಮಾತುಗಳ ಮಧ್ಯದಲ್ಲಿ ಇಟ್ಟರೆ ಸಾಕು. ಅದನ್ನು ಅಲ್ಲಿಂದ ಎತ್ತಿ ಕಾದಂಬರಿಯ ಮೊದಲ ಪುಟಕ್ಕೆ ಹಾಕಿ ನೋಡಿ. ಆಗ ಇಬ್ಬರೂ ಶುರುವಿನಿಂದಲೇ ಚಿನ್ನದ ಆಸೆಗೆ ಬಿದ್ದವರಾಗುತ್ತಾರೆ, ಬರೀ ಕೆಟ್ಟವರು. ಈಗಿರುವ ಜಾಗದಲ್ಲಿ ಹಾಗಲ್ಲ, ಅವರು ನಮ್ಮ ಕಣ್ಣೆದುರೇ ಬದಲಾಗುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಅವರು ಮೊದಲು ಹೇಳಿದ್ದ ದೂರುಗಳ ಬೆಲೆಯೂ ನಮ್ಮ ಕಣ್ಣಲ್ಲಿ ಇಳಿಯುತ್ತದೆ. ನಾರಣಪ್ಪ ಏನೂ ಮಾಡದೆ, ಸತ್ತು ಮಲಗಿದಲ್ಲೇ, ಓದುಗನ ಮನಸ್ಸಿನಲ್ಲಿ ಒಂದು ಮೆಟ್ಟಿಲು ಮೇಲೇರುತ್ತಾನೆ.

ದೃಶ್ಯವನ್ನು ಮನಸ್ಸಿನಲ್ಲೇ ಬೇರೆ ಕಡೆಗೆ ಸರಿಸಿ ನೋಡುವ ಈ ಅಭ್ಯಾಸ ಆಮೇಲೆ ನನಗೆ ಚಟವಾಯಿತು. ಸರಿಸಿದರೆ ಏನೂ ಕೆಡದಿದ್ದರೆ ಆ ದೃಶ್ಯದ ಬಗ್ಗೆ ರಚನೆಯ ಮಾತು ಆಡಬಾರದು, ಅಷ್ಟೇ.

ಇನ್ನೊಂದು ಸಾಲು ನನ್ನನ್ನು ತುಂಬ ದಿನ ಕಾಡಿತು. ನಾರಣಪ್ಪನ ಮಾತು ಉದ್ದಕ್ಕೂ, ವಾದದ ಕಸುವಿನೊಂದಿಗೆ ಕೇಳಿಸುವುದು ಒಂದು ಕಡೆ. ಪ್ರಾಣೇಶಾಚಾರ್ಯರು ಅವನಿಗೆ ಬುದ್ಧಿ ಹೇಳಲು ಹೋದ ಪ್ರಸಂಗ ಅದು. ನೀವು ರಸವತ್ತಾಗಿ ಪುರಾಣ, ಕಾವ್ಯ ಓದಿ ಹೇಳುತ್ತೀರಿ, ಕೇಳಿದ ಹುಡುಗರು ಏನು ಮಾಡಬೇಕು ಎಂದು ಅವನು ತಿರುಗಿ ಕೇಳುತ್ತಾನೆ. ಗೆಲ್ಲುವವರು ಯಾರು, ನೀವೋ ನಾನೋ ನೋಡೋಣ ಎಂದು ಸವಾಲು ಹಾಕುತ್ತಾನೆ. ಮೊದಲ ಓದಿನಲ್ಲಿ ಇದನ್ನು ‘ನಾರಣಪ್ಪನ ವಿಚಾರಧಾರೆ’ ಅಂತ ಗುರುತು ಹಾಕಿದ್ದೆ. ಖಾನೆ ತುಂಬುವಾಗ ‘ಯಾರು ಹೇಳಿದರು’ ಅನ್ನುವ ಕಡೆ ನಾರಣಪ್ಪ ಅಂತ ಬರೆಯಲು ಹೋಗಿ ಪೆನ್ನು ನಿಂತಿತು. ಇದು ನಡೆದದ್ದು ಹಿಂದೆ, ಈಗ ಬರುತ್ತಿರುವುದು ಆಚಾರ್ಯರ ನೆನಪಿನಲ್ಲಿ. ಹಾಗಾದರೆ ಆ ಖಾನೆಗೆ ಸೇರಬೇಕಾದ್ದು ಆಚಾರ್ಯರ ಹೆಸರು. ಎದುರಾಳಿಯ ವಾದ ಒಂದು ಮಾತೂ ಮಾಸದೆ ಅವರೊಳಗೆ ಉಳಿದುಕೊಂಡಿದೆ. ಸೋಲಿಸಿ ಬಂದ ವಾದವನ್ನು ಯಾರೂ ಹೀಗೆ ನೆನಪಿಟ್ಟುಕೊಳ್ಳುವುದಿಲ್ಲ. ಕಾಡಿನಲ್ಲಿ ಚಂದ್ರಿ ಎದುರಾಗಿ ಅವಳನ್ನು ಕೂಡುವ ಎಷ್ಟೋ ಮೊದಲೇ ಆಚಾರ್ಯರು ಬಿರುಕು ಬಿಟ್ಟಿದ್ದರು ಅನ್ನುವುದಕ್ಕೆ ನನಗೆ ಸಿಕ್ಕ ಗಟ್ಟಿ ಆಧಾರ ಇದು. ಅದು ಸಿಕ್ಕದ್ದು ಒಂದು ಖಾನೆಯಲ್ಲಿ ಯಾರ ಹೆಸರು ಬರೆಯುವುದು ಎಂಬ ಗೊಂದಲದಿಂದ.

ಇಷ್ಟು ರಚನೆಯ ಮಾತು. ಭಾಷೆಯ ಕಡೆಗೆ ಬಂದಾಗ ನಾನು ಚೆನ್ನಾಗಿಯೇ ಎಡವಿದೆ.

ಕನ್ನಡದಲ್ಲಿ ನಿರೂಪಕ ಯಾರ ಪಕ್ಕ ನಿಂತಿದ್ದಾನೆ ಅಂತ ತಿಳಿಯಲು ವಿಶೇಷಣ ಹುಡುಕಬೇಕಾಗಿಲ್ಲ, ಕ್ರಿಯಾಪದದ ಬಾಲ ನೋಡಿದರೆ ಸಾಕು. ನಾನೇ ಕಟ್ಟಿಕೊಂಡ ವಾಕ್ಯ ಇದು: ‘ರಾಯರು ಬಾಗಿಲಲ್ಲಿ ನಿಂತು ಕೆಮ್ಮಿದರು.’ ಇದನ್ನು ‘ರಾಯ ಬಾಗಿಲಲ್ಲಿ ನಿಂತು ಕೆಮ್ಮಿದ’ ಎಂದರೆ ಹೇಳುವವನಿಗೆ ರಾಯ ಸಮಾನ, ಇಲ್ಲವೇ ಕಿರಿಯ, ಇಲ್ಲವೇ ಬೇಡಾದವನು. ‘ಬಂತು ನೋಡಿ ರಾಯರ ಸವಾರಿ, ಬಾಗಿಲಲ್ಲೇ ಕೆಮ್ಮು’ ಎಂದರೆ ನಿರೂಪಕ ಆಗಲೇ ಮನೆಯೊಳಗೆ ಕೂತು ನಗುತ್ತಿದ್ದಾನೆ. ನಡೆದದ್ದು ಅದೇ ಕೆಮ್ಮು. ಹಾಗೆಯೇ ‘ಅಂತೆ’. ‘ಮೀನು ಹಿಡಿದ’, ‘ಮೀನು ಹಿಡಿದನಂತೆ’, ‘ಮೀನು ಹಿಡಿದನೋ ಏನೋ’: ಸಾಕ್ಷಿಗೂ ಗಾಳಿಮಾತಿಗೂ ಊಹೆಗೂ ಇರುವ ಅಂತರವೆಲ್ಲ ಆ ಒಂದೆರಡು ಅಕ್ಷರದಲ್ಲಿದೆ. ಈಗ ಓದುವಾಗ ಪ್ರತಿ ‘ಅಂತೆ’ಗೂ ಅಂಚಿನಲ್ಲಿ ಒಂದು ಸಣ್ಣ ಚುಕ್ಕೆ ಇಡುತ್ತೇನೆ. ಚುಕ್ಕೆಗಳು ಯಾವ ಪಾತ್ರದ ಸುತ್ತ ಗುಂಪುಗೂಡುತ್ತವೋ ಆ ಪಾತ್ರವನ್ನು ಊರು ಕಟ್ಟುತ್ತಿದೆ, ಲೇಖಕ ಬರೀ ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಲೆಕ್ಕ.

ಎಡವಿದ್ದು ಎಲ್ಲಿ ಅಂದರೆ, ಈ ‘ರು’ವಿನ ಬೆನ್ನು ಹತ್ತಿ ಒಂದು ಚಂದದ ಸಿದ್ಧಾಂತ ಕಟ್ಟಿಬಿಟ್ಟೆ. ನಿರೂಪಣೆಯಲ್ಲಿ ನಾರಣಪ್ಪ, ಚಂದ್ರಿ ಏಕವಚನ, ಪ್ರಾಣೇಶಾಚಾರ್ಯರು ಬಹುವಚನ. ಆಚಾರ್ಯರು ಚಂದ್ರಿಯನ್ನು ಕೂಡಿದ ಮೇಲೆ, ಹೆಂಡತಿ ತೀರಿಕೊಂಡು ಊರು ಬಿಟ್ಟ ಮೇಲೆ, ನಿರೂಪಕ ಆ ಗೌರವವನ್ನು ಕಿತ್ತುಕೊಂಡು ಅವರನ್ನು ನಾರಣಪ್ಪನ ಸಾಲಿಗೆ ಇಳಿಸುತ್ತಾನೆ ಎಂದು ಬರೆದೆ. ಎಷ್ಟು ಸರಿಯಾಗಿ ಕೂತಿತ್ತೆಂದರೆ ಪುಸ್ತಕ ತೆಗೆದು ನೋಡುವ ಅಗತ್ಯವೇ ಕಾಣಲಿಲ್ಲ. ಓದಿಕೊಂಡ ಗೆಳತಿಯೊಬ್ಬಳು ‘ಯಾವ ಪುಟದಲ್ಲಿ?’ ಎಂದು ಕೇಳಿದ ಮೇಲೆ ತೆಗೆದೆ. ಇಲ್ಲ! ನಿರೂಪಕ ‘ರು’ ಬಿಡುವುದಿಲ್ಲ. ಕಾದಂಬರಿಯ ಕೊನೆಯ ಸಾಲಿನಲ್ಲಿ ಗಾಡಿಯಲ್ಲಿ ಕೂತು ಆತಂಕದಿಂದ ಮುಂದಿನದನ್ನು ಎದುರು ನೋಡುತ್ತಿರುವಾಗಲೂ ಅವರು ಪ್ರಾಣೇಶಾಚಾರ್ಯರೇ.

ಬರೆದದ್ದನ್ನು ಹರಿದು ಹಾಕಿದೆ. ಒಂದು ವಾರ ಬೇಜಾರು. ಆದರೆ ‘ರು’ ಬೀಳದೆ ಇರುವುದೇ ನನ್ನ ಸಿದ್ಧಾಂತಕ್ಕಿಂತ ಹೆಚ್ಚು ಕೆಲಸ ಮಾಡುತ್ತಿದೆ ಅಂತ ನಿಧಾನವಾಗಿ ಕಂಡಿತು. ಮೂರನೆಯ ಭಾಗದಲ್ಲಿ ಹೊರಗಿನ ಘಟನೆಗಿಂತ ಮನಸ್ಸಿನೊಳಗಿನ ಮಾತು ಹೆಚ್ಚು. ಅಲ್ಲಿ ಆಚಾರ್ಯರು ತಮ್ಮನ್ನು ಕರೆದುಕೊಳ್ಳುವುದು ‘ನಾನು’ ಎಂದು. ಅದು ಅನುಮಾನ, ಭಯ, ಆಸೆ ತುಂಬಿದ ‘ನಾನು’. ಹೊರಗೆ ನಿರೂಪಕ ಹಳೆಯ ಗೌರವದಲ್ಲೇ ಕರೆಯುತ್ತಿದ್ದಾನೆ, ದಾರಿಯಲ್ಲಿ ಜೊತೆಯಾಗಿ ಬೇಡವೆಂದರೂ ಬೆನ್ನು ಬಿಡದ ಪುಟ್ಟ ಕೂಡ ಆಚಾರ್ಯರೇ ಎಂದು ಗೌರವದಿಂದಲೇ ಕೂಗುತ್ತಾನೆ. ಆ ‘ರು’ ಈಗ ಮೈಗೆ ಸರಿಹೋಗದ ಅಂಗಿ. ಕಳಚಿದ್ದರೆ ಅವರಿಗೆ ಹಗುರವಾಗುತ್ತಿತ್ತು. ಕಳಚದೇ ಇರುವುದರಿಂದ ತನ್ನನ್ನು ಯಾರಾದರೂ ಗುರುತು ಹಿಡಿದಾರು ಎಂಬ ಅವರ ದಿಗಿಲು ವ್ಯಾಕರಣದೊಳಗೇ ಕೂತುಬಿಟ್ಟಿದೆ.

ಎ.ಕೆ. ರಾಮಾನುಜನ್ 1976ರಲ್ಲಿ ಮಾಡಿದ ಇಂಗ್ಲಿಷ್ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ಓದಿದಾಗ ಇದು ಇನ್ನೂ ಸ್ಪಷ್ಟವಾಯಿತು. ಅದು ಒಳ್ಳೆಯ ಅನುವಾದ, ಆದರೆ ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಬಾಲವೇ ಇಲ್ಲ; ಆಚಾರ್ಯರೂ ನಾರಣಪ್ಪನೂ ಒಂದೇ ಸರ್ವನಾಮದಲ್ಲಿ ನಡೆಯುತ್ತಾರೆ. ಅನುವಾದದಲ್ಲಿ ಏನು ಉದುರಿಹೋಗುತ್ತದೆ ಅಂತ ಹುಡುಕುವುದು ಮೂಲದ ಭಾಷೆ ಏನು ಮಾಡುತ್ತಿತ್ತು ಅಂತ ತಿಳಿಯಲು ನನಗೆ ಗೊತ್ತಿರುವ ಸುಲಭದ ದಾರಿ.

ಎಲ್ಲ ಕಾದಂಬರಿಗೂ ಈ ಖಾನೆಗಳು ಹೊಂದುತ್ತವೆ ಅಂತಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಕೈಗೆತ್ತಿಕೊಂಡಾಗ ‘ಯಾರು ಹೇಳಿದರು’ ಖಾನೆ ನಿಷ್ಪ್ರಯೋಜಕವಾಯಿತು, ಏಕೆಂದರೆ ಉದ್ದಕ್ಕೂ ಹೇಳುವವನು ಒಬ್ಬನೇ. ಅಪ್ಪ, ಅಮ್ಮ, ಚಿಕ್ಕಪ್ಪ, ಅಕ್ಕ ಮಾಲತಿ, ಹೆಂಡತಿ ಅನಿತಾ, ಕಾಫಿ ಹೌಸಿನ ವಿನ್ಸೆಂಟ್, ಎಲ್ಲರಿಗೂ ಹೆಸರೋ ಸಂಬಂಧವೋ ಇದೆ. ಹೇಳುತ್ತಿರುವವನ ಹೆಸರು ಮಾತ್ರ ನಮಗೆ ಸಿಗುವುದಿಲ್ಲ. ಅಲ್ಲಿ ನಾನು ಬೇರೆ ಗುರುತು ಹಾಕಿದೆ: ‘ನಾವು’ ಎಲ್ಲಿ ‘ನಾನು’ ಆಗುತ್ತದೆ, ‘ನಾನು’ ಎಲ್ಲಿ ಮತ್ತೆ ‘ನಾವು’ವಿನೊಳಗೆ ನುಸುಳಿಕೊಳ್ಳುತ್ತದೆ. ಹಳೆಯ ಮನೆಯಲ್ಲಿ ಇರುವೆಗಳನ್ನು ಹೊಸಕುವ ಭಾಗಕ್ಕೆ ‘ನಾವು’ ಸಹಜವಾಗಿದೆ, ಆತ್ಮೀಯವೂ ಹೌದು. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಮನೆಯವರು ಬಾಗಿಲಿನಿಂದಲೇ ಬೈದು ಅಟ್ಟುವಾಗ ಅದೇ ಒಗ್ಗಟ್ಟು ಬೇರೆ ಬಣ್ಣಕ್ಕೆ ತಿರುಗುತ್ತದೆ. ಆ ಹೆಂಗಸಿನ ಪರ ಬಾಯಿ ಬಿಡುವುದು ಹೊಸದಾಗಿ ಬಂದ ಸೊಸೆ ಅನಿತಾ. ನಿರೂಪಕ ನೋಡುತ್ತಾನೆ. ಅವನ ವಾಕ್ಯಗಳು ಎಷ್ಟು ಸಭ್ಯ, ಎಷ್ಟು ತಿಳಿ ಎಂದರೆ ಮೊದಲ ಓದಿನಲ್ಲಿ ನಾನು ಅವನನ್ನು ಪಾಪದವನು ಎಂದೇ ನಂಬಿದ್ದೆ. ಏನೂ ಮಾಡದಿರುವುದನ್ನು ಇಷ್ಟು ಒಳ್ಳೆಯ ಕನ್ನಡದಲ್ಲಿ ಹೇಳಬಲ್ಲವನನ್ನು ನಂಬಬಾರದು ಅಂತ ಗೊತ್ತಾಗಲು ಎರಡನೆಯ ಓದು ಬೇಕಾಯಿತು. ಕಥೆ ಕಾಫಿ ಹೌಸಿನಲ್ಲಿ ಶುರುವಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ. ಹೇಳಬೇಕಾದ ಒಂದು ಸಂಗತಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತಾ ಅವನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ್ದಾನೆ.

ಮೊದಲ ಓದಿನಲ್ಲಿ ಪೆನ್ಸಿಲ್ ಮುಟ್ಟುವುದಿಲ್ಲ, ಇದೊಂದು ನಿಯಮ ಇಟ್ಟುಕೊಂಡಿದ್ದೇನೆ. ನಂಬಬೇಕಾದಲ್ಲಿ ನಂಬಿ, ಮೋಸಹೋಗಬೇಕಾದಲ್ಲಿ ಮೋಸಹೋಗದಿದ್ದರೆ ಎರಡನೆಯ ಓದಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಪದಗಳ ಲೆಕ್ಕ ಹಾಕುವುದನ್ನೂ ಈಗ ಕಡಿಮೆ ಮಾಡಿದ್ದೇನೆ. ಒಂದು ಪದ ಎಷ್ಟು ಸಲ ಬಂತು ಎನ್ನುವುದಕ್ಕಿಂತ, ಬರಬೇಕಾದ ಕಡೆ ಯಾಕೆ ಬರಲಿಲ್ಲ ಎನ್ನುವುದು ನನಗೆ ಹೆಚ್ಚು ಸಲ ಉಪಯೋಗಕ್ಕೆ ಬಂದಿದೆ.

ನಾರಣಪ್ಪನ ಆ ಹಳೆಯ ನೋಟ್‌ಪುಸ್ತಕ ಇನ್ನೂ ಇದೆ. ಅದರಲ್ಲಿ ಒಂದು ಸಾಲು ಇವತ್ತಿಗೂ ಪೂರ್ತಿಯಾಗಿಲ್ಲ. ಹೆಣವನ್ನು ಯಾರು ಸುಡಬೇಕೆಂದು ಇಡೀ ಅಗ್ರಹಾರ ಶಾಸ್ತ್ರ ಹುಡುಕುತ್ತಿರುವಾಗ, ಚಂದ್ರಿ ರಾತ್ರಿ ಹೋಗಿ ಮೀನು ವ್ಯಾಪಾರಿ ಅಹಮದ್ ಬ್ಯಾರಿಯನ್ನು ಕರೆದುಕೊಂಡು ಬರುತ್ತಾಳೆ. ಹಿಂದೊಮ್ಮೆ ಅವನು ಕಷ್ಟದಲ್ಲಿದ್ದಾಗ ನಾರಣಪ್ಪ ಸಾಲ ಕೊಟ್ಟಿದ್ದ. ಇಬ್ಬರೂ ಸೇರಿ ಹೆಣ ಸಾಗಿಸಿ ಸುಟ್ಟುಬಿಡುತ್ತಾರೆ. ಆಮೇಲೆ ಅಗ್ರಹಾರದವರು ಆ ಹೆಣದ ಬಗ್ಗೆ ಆಡುವ ಮಾತೆಲ್ಲ ಇಲ್ಲದ ಹೆಣದ ಬಗ್ಗೆ. ನಾರಣಪ್ಪ ಎಂಥವನಾಗಿದ್ದ ಎಂಬುದಕ್ಕೆ ಇದೂ ಒಂದು ಸಾಕ್ಷಿ ಎಂದು ಪಟ್ಟಿಗೆ ಸೇರಿಸಿದ್ದೇನೆ. ಏನು, ಯಾವಾಗ, ಎರಡೂ ತುಂಬಿದೆ. ‘ಯಾರು ಹೇಳಿದರು’, ‘ಯಾರಿಗೆ ಹೇಳಿದರು’ ಎಂಬ ಖಾನೆಗಳು ಖಾಲಿ ಇವೆ.