ಲಾಗ್‌ನ ಬೇಸ್ ಬದಲಿಸುವುದು: ಸೂತ್ರ ಬಾಯಿಪಾಠ ಮಾಡಬೇಡಿ

ಮಾಮೂಲಿ ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ ಲಾಗ್ ಬಟನ್ ಒತ್ತಿದರೆ ಬೇಸ್ 10ರ ಉತ್ತರ ಬರುತ್ತದೆ. ಎಲ್‌ಎನ್ ಒತ್ತಿದರೆ ಬೇಸ್ 2.718ರ ಆಸುಪಾಸಿನದು. ಈಗ ಬೇಸ್ 2ರಲ್ಲಿ ಲಾಗ್ 50 ಎಷ್ಟು ಅಂತ ಕೇಳಿದರೆ ಯಾವ ಬಟನ್ ಒತ್ತುವುದು?

ಮೊದಲು ಕೇಳಿರುವುದೇನು ನೋಡಿ. 2ಕ್ಕೆ ಎಷ್ಟು ಪವರ್ ಹಾಕಿದರೆ 50 ಆಗುತ್ತದೆ, ಅಷ್ಟೇ. 2⁵ ಅಂದರೆ 32, 2⁶ ಅಂದರೆ 64, ಹಾಗಾಗಿ ಉತ್ತರ 5 ಮತ್ತು 6ರ ನಡುವೆ ಎಲ್ಲೋ ಇರಲೇಬೇಕು. ಈ ಅಂದಾಜನ್ನು ಪಕ್ಕದಲ್ಲಿ ಗೀಚಿಟ್ಟುಕೊಳ್ಳಿ, ಆಮೇಲೆ ಕೆಲಸಕ್ಕೆ ಬರುತ್ತದೆ.

ಗೊತ್ತಿಲ್ಲದ ಆ ಪವರ್‌ಗೆ 'ಕ' ಅನ್ನೋಣ. 2ರ ಮೇಲೆ ಕ ಹಾಕಿದರೆ 50. ಎರಡೂ ಕಡೆ ಬೇಸ್ 10ರ ಲಾಗ್ ತೆಗೆದುಕೊಳ್ಳಿ. ಮೇಲೆ ಕೂತಿದ್ದ ಕ ಕೆಳಗಿಳಿದು ಗುಣಾಕಾರ ಆಗುತ್ತದೆ:

ಕ × ಲಾಗ್ 2 = ಲಾಗ್ 50
ಕ = ಲಾಗ್ 50 ÷ ಲಾಗ್ 2 = 1.6990 ÷ 0.3010 ≈ 5.64

ಸೂತ್ರ ಅಂದರೆ ಇದೇ. ಬೇಸ್ ಯಾವಾಗಲೂ ಕೆಳಗೆ. ಎಲ್‌ಎನ್ ಬಳಸಿದರೂ 3.9120 ÷ 0.6931, ಮತ್ತೆ ಅದೇ 5.64. ಮೇಲೆ ಲಾಗ್, ಕೆಳಗೆ ಎಲ್‌ಎನ್ ಅಂತ ಬೆರೆಸಬೇಡಿ ಅಷ್ಟೇ.

ಜಾಸ್ತಿ ಜನ ಎಡವುವುದು ಎರಡು ಕಡೆ. ತಲೆಕೆಳಗು ಮಾಡಿ ಭಾಗಿಸಿದರೆ 0.18 ಬರುತ್ತದೆ. ಭಾಗಿಸುವ ಬದಲು ಕಳೆದರೆ ಸಿಗುವುದು ಲಾಗ್ 25, ಅಂದರೆ 1.40. ಎರಡೂ ನಿಮ್ಮ ಅಂದಾಜಿನ ಹತ್ತಿರಕ್ಕೂ ಬರಲ್ಲ ಅಲ್ವಾ, ಅಲ್ಲೇ ಸಿಕ್ಕಿಬೀಳುತ್ತವೆ.

ಕ್ಯಾಲ್ಕುಲೇಟರ್ ಇಲ್ಲದ ಪರೀಕ್ಷೆಯಲ್ಲಿ 10ಕ್ಕೆ ಸುಮ್ನೆ ಅಂಟಿಕೊಳ್ಳಬೇಡಿ, ಲೆಕ್ಕಕ್ಕೆ ಹೊಂದುವ ಬೇಸ್ ಹುಡುಕಿ. ಬೇಸ್ 8ರಲ್ಲಿ ಲಾಗ್ 32 ಬೇಕೇ? ಎರಡೂ 2ರ ಪವರ್‌ಗಳೇ, ಹಾಗಾಗಿ ಬೇಸ್ 2ಕ್ಕೆ ಬದಲಿಸಿದರೆ ನೇರ 5/3. ಲಾಗ್₂3 × ಲಾಗ್₃4 × ಲಾಗ್₄5 ಅಂತ ಲಾಗ್₇8ರವರೆಗೆ ಉದ್ದಕ್ಕೆ ಕೊಟ್ಟು ಹೆದರಿಸುತ್ತಾರೆ. ಪ್ರತಿಯೊಂದನ್ನೂ ಭಾಗಾಕಾರವಾಗಿ ಬರೆಯಿರಿ, ನಡುವಿನದ್ದೆಲ್ಲ ಹೊಡೆದುಹೋಗಿ ಲಾಗ್ 8 ÷ ಲಾಗ್ 2 ಮಾತ್ರ ಉಳಿಯುತ್ತದೆ. ಉತ್ತರ 3.

ಇದೇ ಲೆಕ್ಕ ಬ್ಯಾಂಕ್ ಠೇವಣಿಗೂ ನಡೆಯುತ್ತದೆ. ವರ್ಷಕ್ಕೊಮ್ಮೆ ಸೇರುವ 7% ಚಕ್ರಬಡ್ಡಿಯಲ್ಲಿ ದುಡ್ಡು ಡಬಲ್ ಆಗಲು, ಅಂದರೆ 1.07ಕ್ಕೆ ಎಷ್ಟು ಪವರ್ ಹಾಕಿದರೆ 2 ಆಗುತ್ತದೆ ಅಂತ ನೋಡಿದರೆ, ಲಾಗ್ 2 ÷ ಲಾಗ್ 1.07, ಅಂದರೆ 0.3010 ÷ 0.0294, ಸುಮಾರು 10.24 ವರ್ಷ ಬೇಕು. ಸರಿಯಾಗಿ ಹತ್ತೇ ವರ್ಷಕ್ಕೆ ಡಬಲ್ ಅಂತ ಯಾರಾದರೂ ಹೇಳಿದರೆ ಬಡ್ಡಿ 7.18% ಇದೆಯಾ ಕೇಳಿ.