ಮುತ್ತಜ್ಜನ ಹುಡುಕಾಟಕ್ಕೆ ನಾನು ಮಾಡಿಕೊಂಡ ಪಟ್ಟಿ

"ಮುತ್ತಜ್ಜನ ಬಗ್ಗೆ ತಿಳ್ಕೋಬೇಕು." ನನ್ನ ನೋಟ್‌ಬುಕ್ಕಿನಲ್ಲಿ ಈ ಸಾಲು ಎರಡು ವರ್ಷ ಹಾಗೇ ಇತ್ತು. ಕಣ್ಣಿಗೆ ಬಿದ್ದಾಗಲೆಲ್ಲ ಪುಟ ತಿರುವಿ ಮುಂದೆ ಹೋಗುತ್ತಿದ್ದೆ. ಆಸೆ ಇಲ್ಲ ಅಂತಲ್ಲ. ಎಲ್ಲಿಂದ ಶುರು ಮಾಡಬೇಕು ಅಂತ ಆ ಸಾಲು ಹೇಳುತ್ತಲೇ ಇರಲಿಲ್ಲ.

ಒಂದು ಸಂಜೆ ಅದನ್ನು ಹೊಡೆದು ಹಾಕಿ ಹೀಗೆ ಬರೆದೆ: "ಮುತ್ತಜ್ಜ ತೀರಿಕೊಂಡಿದ್ದು ಯಾವ ವರ್ಷ? ಅತ್ತೆಗೆ ಫೋನ್ ಮಾಡಿ ಕೇಳು." ಮರುದಿನವೇ ಮಾಡಿದೆ. ಅತ್ತೆಗೆ ವರ್ಷ ನೆನಪಿರಲಿಲ್ಲ. ಆದರೆ, "ನಿಮ್ಮಪ್ಪ ಆಗಿನ್ನೂ ನನ್ನ ಸೊಂಟದ ಮೇಲೇ ಇರ್ತಿದ್ದ ಕಣೇ" ಅಂದರು. ಅಪ್ಪ ಹುಟ್ಟಿದ ವರ್ಷ ನನಗೆ ಗೊತ್ತಿತ್ತಲ್ಲ, ಹುಡುಕಬೇಕಾದ ಅವಧಿ ಎರಡು ಮೂರು ವರ್ಷಕ್ಕೆ ಇಳಿಯಿತು. ಅವತ್ತಿನಿಂದ ನನ್ನ ಪಟ್ಟಿಯ ಪ್ರತಿ ಸಾಲಿನಲ್ಲೂ ಒಂದು ಪ್ರಶ್ನೆ ಇರುತ್ತದೆ, ಅದಕ್ಕೆ ಉತ್ತರ ಎಲ್ಲಿ ಸಿಗಬಹುದು ಅನ್ನೋದೂ ಇರುತ್ತದೆ.

ಮರಣದ ದಾಖಲೆ ಕೊನೆಗೂ ಸಿಕ್ಕಿತು. ಅದರಲ್ಲಿದ್ದ ವಯಸ್ಸಿನಿಂದ ಲೆಕ್ಕ ಹಾಕಿದರೆ ಮುತ್ತಜ್ಜ ಹುಟ್ಟಿದ ವರ್ಷ, ಮನೆಯಲ್ಲಿ ಹೇಳುತ್ತಿದ್ದುದಕ್ಕಿಂತ ಏಳು ವರ್ಷ ಹಿಂದಕ್ಕೆ ಹೋಗುತ್ತಿತ್ತು. ಸತ್ತ ದಿನವನ್ನು ಬರೆಸಿದವರು ಕಣ್ಣಾರೆ ಕಂಡಿರುತ್ತಾರೆ. ವಯಸ್ಸನ್ನು ಅಂದಾಜಿನ ಮೇಲೆ ಹೇಳಿರುತ್ತಾರೆ. ಒಂದೇ ಕಾಗದದಲ್ಲಿ ಇದ್ದರೂ ಎರಡನ್ನೂ ಒಂದೇ ರೀತಿ ನಂಬೋಕಾಗಲ್ಲ. ಹಾಗಾಗಿ ಒಂದು ಸಾಲು ಮುಗಿದು ಇನ್ನೊಂದು ಹುಟ್ಟಿತು: "ಹುಟ್ಟಿದ ವರ್ಷಕ್ಕೆ ಬೇರೆ ಆಧಾರ ಹುಡುಕು."

ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಲೆಕ್ಕಕ್ಕೆ ನೋಡಿದರೆ ಐದು ತಲೆಮಾರು ಹಿಂದಕ್ಕೆ 32 ಜನ, ಹತ್ತು ತಲೆಮಾರು ಹಿಂದಕ್ಕೆ 1,024 ಜನ. ಎಲ್ಲರನ್ನೂ ಒಟ್ಟಿಗೆ ಹಿಡಿಯಲು ಹೋದರೆ ಒಬ್ಬರೂ ಕೈಗೆ ಸಿಗಲ್ಲ. ಒಬ್ಬರ ದಾಖಲೆ ಹುಡುಕುವಾಗ ಇನ್ಯಾರದೋ ಹೆಸರು ಎದುರಾದರೆ ಅದನ್ನು "ಆಮೇಲೆ" ಅನ್ನೋ ಪುಟಕ್ಕೆ ಹಾಕಿ, ಹಿಡಿದ ಕೆಲಸಕ್ಕೇ ವಾಪಸ್ ಬರುತ್ತೇನೆ.

ಈಗ ಪಟ್ಟಿ ಕಂಪ್ಯೂಟರಿನಲ್ಲಿದೆ. ಸುಮ್ನೆ ಒಂದು ಸ್ಪ್ರೆಡ್‌ಶೀಟ್, ಅಷ್ಟೇ. ಎಲ್ಲಿ ಹುಡುಕಬೇಕು ಅನ್ನೋದಕ್ಕೆ ಒಂದು ಕಾಲಂ ಇದೆ. ಯಾವುದಾದರೂ ಕಚೇರಿಗೆ ಹೊರಡುವ ಹಿಂದಿನ ದಿನ ಅಲ್ಲಿನ ಕೆಲಸಗಳನ್ನಷ್ಟೇ ಬೇರೆ ಮಾಡಿ ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದುಕೊಳ್ಳುತ್ತೇನೆ.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು "ಸಿಗಲಿಲ್ಲ" ಅಂತ ಬರೆದಿಡುವ ಅಭ್ಯಾಸ. ಮೊದಮೊದಲು ಸಿಗದಿದ್ದರೆ ಆ ಸಾಲನ್ನೇ ಅಳಿಸಿ ಬಿಡುತ್ತಿದ್ದೆ. ಎಂಟು ತಿಂಗಳಾದ ಮೇಲೆ ಅದೇ ರಿಜಿಸ್ಟರನ್ನು ಮೊದಲ ಪುಟದಿಂದ ಮತ್ತೆ ನೋಡುತ್ತಾ ಕೂತಿದ್ದೆ. ಅರ್ಧ ಮುಗಿದಾಗ ಒಂದು ಶಾಯಿ ಕಲೆ ಕಂಡು, ಇದನ್ನು ಮುಂಚೆಯೇ ನೋಡಿದ್ದೀನಲ್ವಾ ಅನ್ನಿಸಿತು. ಎರಡು ಭಾನುವಾರ ಹಾಗೇ ಹೋಗಿತ್ತು. ಈಗ ನೋಡಿದ ದಿನ, ಯಾವ ವರ್ಷದ ದಾಖಲೆ, ಹೆಸರನ್ನು ಯಾವ ಯಾವ ಸ್ಪೆಲ್ಲಿಂಗಿನಲ್ಲಿ ಹುಡುಕಿದೆ, ಎಲ್ಲ ಬರೆದಿಡುತ್ತೇನೆ. ಫ್ಯಾಮಿಲಿ ಸರ್ಚ್ ವೆಬ್‌ಸೈಟಿನಲ್ಲಿ ದುಡ್ಡು ಕೊಡದೆ ನೋಡಬಹುದಾದ ದಾಖಲೆಗಳು ತುಂಬಾ ಇವೆ. ಆದರೆ ಎಷ್ಟೋ ಪುಸ್ತಕಗಳ ಫೋಟೋ ಮಾತ್ರ ಇರುತ್ತದೆ, ಹೆಸರು ಟೈಪ್ ಮಾಡಿ ಹುಡುಕೋಕಾಗಲ್ಲ. ಒಂದೊಂದೇ ಪುಟ ತಿರುವಬೇಕು. ಅಂಥ ಕಡೆ "ಚಿತ್ರ 112ರವರೆಗೆ ನೋಡಿದ್ದೇನೆ" ಅಂತ ಒಂದು ಸಾಲು ಬರೆದಿಟ್ಟರೆ ಮುಂದಿನ ಸಲ 113ರಿಂದಲೇ ಶುರು ಮಾಡಬಹುದು.

ಒಂದು ವಿಷಯದಲ್ಲಿ ನಾನು ತಡಮಾಡಿದೆ. ಹಳೇ ಫೋಟೋ ಒಂದರಲ್ಲಿ ಅಜ್ಜಿಯ ಎಡಗಡೆ ಒಬ್ಬರು ಹೆಂಗಸು ನಿಂತಿದ್ದಾರೆ. ಅಜ್ಜಿಯ ಭುಜದ ಮೇಲೆ ಕೈ ಇಟ್ಟಿದ್ದಾರೆ. ಯಾರು ಅಂತ ದೊಡ್ಡಜ್ಜಿಯನ್ನು ಕೇಳಬೇಕು ಅನ್ನೋದು ಪಟ್ಟಿಯಲ್ಲಿ ಹದಿನಾಲ್ಕನೇ ಸಾಲಾಗಿತ್ತು. ನಾನು ಹನ್ನೊಂದನೇ ಸಾಲಿನಲ್ಲಿ ಇರುವಾಗಲೇ ದೊಡ್ಡಜ್ಜಿ ಹೋಗಿಬಿಟ್ಟರು. ಈಗ ಹಿರಿಯರನ್ನು ಕೇಳಬೇಕಾದ ಪ್ರಶ್ನೆಗಳೆಲ್ಲ ಮೇಲೆ, ಕೆಂಪು ಬಣ್ಣದಲ್ಲಿ ಇವೆ. ಅವರವರ ವಯಸ್ಸಿನ ಪ್ರಕಾರ ಸಾಲಾಗಿ.

ಹದಿನಾಲ್ಕನೇ ಸಾಲನ್ನು ನಾನು ಹೊಡೆದು ಹಾಕಿಲ್ಲ. "ದೊಡ್ಡಜ್ಜಿ" ಅನ್ನೋ ಕಡೆ ಅವರ ನಾದಿನಿಯ ಹೆಸರು ಬರೆದಿದ್ದೇನೆ. ಅವರಿಗೆ ಕಣ್ಣು ಮಂಜು. ಫೋಟೋನ ದೊಡ್ಡದಾಗಿ ಪ್ರಿಂಟ್ ಹಾಕಿಸಿಟ್ಟಿದ್ದೇನೆ, ಈ ಭಾನುವಾರ ತೆಗೆದುಕೊಂಡು ಹೋಗಬೇಕು.