ಮಾಚು ಪಿಚುವಿಗೆ ಕೊನೆಯ ತುದಿಯಿಂದ ಹಾಕಿದ ಲೆಕ್ಕ

ದಕ್ಷಿಣ ಅಮೆರಿಕದ ಪೆರುವಿನಲ್ಲಿ, ಬೆಟ್ಟದ ಮೇಲಿರುವ ಇಂಕಾ ಜನರ ಪಾಳುಪಟ್ಟಣ ಮಾಚು ಪಿಚುವಿಗೆ ಮೊದಲ ಸಲ ಹೊರಟು ಹೋದದ್ದು ನನ್ನ ದುಡ್ಡು, ನಾನಲ್ಲ. 2023ರ ಫೆಬ್ರುವರಿಗೆಂದು ಒಬ್ಬ ಏಜೆಂಟನಿಗೆ ಅರವತ್ತು ಸಾವಿರದಷ್ಟು ಮುಂಗಡ ಕೊಟ್ಟಿದ್ದೆ. ಅಷ್ಟರಲ್ಲಿ ಪೆರುವಿನ ಅಧ್ಯಕ್ಷ ಪೆದ್ರೊ ಕಾಸ್ತಿಯೊ ಪದಚ್ಯುತರಾಗಿ, ಪ್ರತಿಭಟನೆ ಹಬ್ಬಿ, ರೈಲು ನಿಂತು, ಜನವರಿ 21ಕ್ಕೆ ಮಾಚು ಪಿಚುವಿನ ಬಾಗಿಲೇ ಮುಚ್ಚಿತು. ಅದಕ್ಕೆ ಅವನೇನು ಮಾಡಿಯಾನು? ಆದರೆ ಹಣ ವಾಪಸು ಕೇಳುವ ಜಗಳದಲ್ಲಿ ಕಾಗದಗಳನ್ನು ತಿರುವಿದಾಗ ಕಂಡದ್ದೇ ಬೇರೆ. ಅವನು ನನಗೆ ಮಾರಿದ್ದು ಮಾಚು ಪಿಚುವಿಗೆ ನಡೆದೇ ಹೋಗುವ ನಾಲ್ಕು ದಿನದ ಚಾರಣ, ಇಂಕಾ ಟ್ರೇಲ್. ಆ ದಾರಿಯನ್ನು ದುರಸ್ತಿಗೆಂದು ಪ್ರತಿ ವರ್ಷ ಫೆಬ್ರುವರಿಯಲ್ಲಿ ಮುಚ್ಚುತ್ತಾರೆ. ಗಲಾಟೆ ಆಗದಿದ್ದರೂ ನಾನು ಗೇಟಿನ ಮುಂದೆ ಬ್ಯಾಗು ಹೊತ್ತು ನಿಲ್ಲಬೇಕಿತ್ತು. ಇಪ್ಪತ್ತು ಸಾವಿರ ಮರಳಿ ಬಂತು. ಉಳಿದದ್ದು ಕಲಿಕೆಯ ಶುಲ್ಕ ಎಂದುಕೊಂಡೆ. ಹಾಗೆಂದುಕೊಳ್ಳಲು ಆರು ತಿಂಗಳು ಹಿಡಿಯಿತು.

ಎರಡನೆಯ ಸಲ, 2024ರ ಸೆಪ್ಟೆಂಬರಿನಲ್ಲಿ, ಏಜೆಂಟ್ ಇಲ್ಲದೆ ಹೋಗಿಬಂದೆ. ಒಬ್ಬನೇ ಅಲ್ಲ, ಅರವತ್ತನಾಲ್ಕರ ಅಮ್ಮನೊಂದಿಗೆ. ಪ್ರವೇಶದ ಟಿಕೆಟನ್ನು ಮೊದಲೇ ಕಾಯ್ದಿರಿಸದೆ ಹೊರಟೆ ಎಂದಾಗ ನಮ್ಮ ಚಾರಣದ ಗುಂಪಿನವರು ನಕ್ಕರು. ನ್ಯೂಜೆರ್ಸಿಯ ಭಾವ ನಗಲಿಲ್ಲ, ಬೈದರು.

ನನ್ನ ಕ್ರಮ ಇಷ್ಟೇ: ಊರಿಗೆ ಮರಳುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುವುದು. ಎಲ್ಲರೂ ಹೋಗುವ ದಿನದಿಂದ ಶುರು ಮಾಡುತ್ತಾರೆ, ಅಲ್ಲಿಯೇ ಎಡವುತ್ತಾರೆ. ನನ್ನ ಲೆಕ್ಕದ ಮೊದಲ ಗಂಟು ಸೊಳ್ಳೆಯಿಂದ ಹರಡುವ ಹಳದಿ ಜ್ವರ. ಆ ಜ್ವರವಿರುವ ದೇಶಗಳ ನಮ್ಮ ಸರ್ಕಾರದ ಪಟ್ಟಿಯಲ್ಲಿ ಪೆರು ಇದೆ. ಅಲ್ಲಿಂದ ಹೊರಟ ಆರು ದಿನದೊಳಗೆ ಲಸಿಕೆಯ ಹಳದಿ ಕಾರ್ಡ್ ಇಲ್ಲದೆ ಭಾರತದಲ್ಲಿ ಇಳಿದರೆ ಪ್ರತ್ಯೇಕವಾಗಿ ಇರಿಸಿಕೊಳ್ಳುತ್ತಾರೆ. ಅರವತ್ತು ದಾಟಿದವರಿಗೆ ಆ ಲಸಿಕೆಯ ಅಡ್ಡಪರಿಣಾಮದ ಭಯ ಹೆಚ್ಚು ಎಂದು ಅಮ್ಮನ ಡಾಕ್ಟರು ಕೊಡಲು ಒಪ್ಪಲಿಲ್ಲ. ನಾವು ಓಡಾಡುವ ಎತ್ತರದ ಜಾಗಗಳಲ್ಲಿ ಆ ಜ್ವರದ ಕಾಟವಿಲ್ಲ, ಕಾಡಿನ ಕಡೆಗೆ ಹೋಗಬೇಡಿ ಎಂದರು. ಹಾಗಾಗಿ ಪೆರುವನ್ನು ಪ್ರವಾಸದ ಕೊನೆಗೆ ಇಡುವ ಹಾಗಿರಲಿಲ್ಲ. ಅಮ್ಮ ಹೇಗೂ ಅಕ್ಕನ ಮನೆಗೆ ಹೊರಟಿದ್ದಳು. ಮೊದಲು ನ್ಯೂಜೆರ್ಸಿ, ನಡುವೆ ಹನ್ನೊಂದು ದಿನ ಪೆರು, ಮತ್ತೆ ನ್ಯೂಜೆರ್ಸಿಯಲ್ಲಿ ಒಂದು ತಿಂಗಳು, ಆಮೇಲೆ ಬೆಂಗಳೂರು. ಕಾರ್ಡಿನ ಪ್ರಶ್ನೆಯೇ ಏಳಲಿಲ್ಲ. ಅಮೆರಿಕದ ವೀಸಾಕ್ಕೆ ಇನ್ನೂ ಆರು ತಿಂಗಳಿಗಿಂತ ಹೆಚ್ಚು ಅವಧಿ ಇದ್ದುದರಿಂದ ಪೆರುವಿಗೆ ಬೇರೆ ವೀಸಾ ಕೂಡ ಬೇಕಾಗಲಿಲ್ಲ. ಒಂದೇ ಕಲ್ಲಿಗೆ ಎರಡು ಹಣ್ಣು. ಇದನ್ನು ಯಾವ ಏಜೆಂಟನೂ ನನಗೆ ಹೇಳಿರಲಿಲ್ಲ ಎಂಬುದನ್ನು ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಎರಡನೆಯ ಗಂಟು ಎತ್ತರ. ವಿಮಾನ ಇಳಿಯುವ ಊರಾದ ಕುಸ್ಕೊದಲ್ಲಿ ಇಳಿದು ಎರಡು ದಿನ ಸುಧಾರಿಸಿಕೊಳ್ಳಿ ಎಂದು ಕಂಡವರೆಲ್ಲ ಹೇಳುತ್ತಾರೆ. ಕುಸ್ಕೊ ಇರುವುದೇ 3,400 ಮೀಟರ್ ಎತ್ತರದಲ್ಲಿ! ಮಾಚು ಪಿಚು ಸುಮಾರು 2,430, ಕೆಳಗಿನ ಊರಾದ ಆಗ್ವಾಸ್ ಕಾಲಿಯೆಂತೆಸ್ 2,040. ಅಂದರೆ ಅವರ ತಪ್ಪಲಿನ ಊರೇ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ನೂರು ಮೀಟರ್ ಮೇಲಿದೆ, ಆದರೆ ಕುಸ್ಕೊ ಅದಕ್ಕಿಂತಲೂ ಬಹಳ ಮೇಲೆ. ಸುಧಾರಿಸಿಕೊಳ್ಳಲು ಹತ್ತಿ ಕೂರುವುದು ಯಾವ ಜಾಣತನ? ನಾವು ಲಿಮಾದಿಂದ ಬೆಳಗಿನ ವಿಮಾನದಲ್ಲಿ ಬಂದು, ಕುಸ್ಕೊದಲ್ಲಿ ಒಂದು ಲೋಟ ಕೋಕಾ ಎಲೆಯ ಚಹಾ ಕುಡಿದು, ನೇರವಾಗಿ ಕಾರು ಹಿಡಿದು ಕಣಿವೆಯ ಊರಾದ ಒಯಾಂತಾಯ್‌ಟಾಂಬೊಗೆ ಇಳಿದೆವು. ಚಿಂಚೇರೊ ಹತ್ತಿರ ರಸ್ತೆ 3,700 ದಾಟುತ್ತದೆ, ಆದರೆ ಬೇಗ ಇಳಿಯುತ್ತದೆ. ಎರಡು ಗಂಟೆಯ ದಾರಿ, 120 ಸೋಲ್ ಆಯಿತೆಂದು ನೆನಪು. ಹಂಚಿಕೆಯ ವ್ಯಾನಿಗೆ ತಲೆಗೆ 15 ಸೋಲ್ ಸಾಕಿತ್ತು, ಅಮ್ಮನಿಗಾಗಿ ಖರ್ಚು ಮಾಡಿದೆ. ಒಂದು ಸೋಲ್ ಎಂದರೆ ಆಗ ಇಪ್ಪತ್ತೆರಡು ರೂಪಾಯಿಯ ಆಸುಪಾಸು.

ಅಲ್ಲಿ ಮೂರು ರಾತ್ರಿ, 2,800 ಮೀಟರಿನಲ್ಲಿ. ಅಮ್ಮನಿಗೆ ಏನೂ ಆಗಲಿಲ್ಲ. ತಲೆ ಸಿಡಿದದ್ದು ನನಗೆ. ಕುಮಾರಪರ್ವತ ಏಳು ಸಲ ಹತ್ತಿದವನೆಂಬ ಹಮ್ಮಿನಲ್ಲಿ, ಇಳಿದ ದಿನವೇ ಎದುರಿನ ಪಿಂಕುಯುನಾ ಗುಡ್ಡದ ಇಂಕಾ ಕಣಜಗಳಿಗೆ ಓಡಿದೆ. ಅಲ್ಲಿಗೆ ಟಿಕೆಟ್ ಇಲ್ಲ, ಪುಕ್ಕಟೆ. ಆ ಪುಕ್ಕಟೆಯ ಬೆಲೆ ಒಂದು ರಾತ್ರಿಯ ನಿದ್ದೆ. ಅಮ್ಮ ಊರಿನ ಬೀದಿಗಳಲ್ಲಿ ಇಂದಿಗೂ ಹರಿಯುವ ಇಂಕಾ ಕಾಲುವೆಗಳ ಪಕ್ಕ ಕುಳಿತು, ನಮ್ಮ ತೋಟದ ಬಸಿಗಾಲುವೆಗೆ ಇವರನ್ನು ಕರೆಸಬೇಕಿತ್ತು ಎಂದಳು.

ಈಗ ಎಲ್ಲರೂ ನಕ್ಕ ಭಾಗ. ಅಂತರ್ಜಾಲದಲ್ಲಿ ನಮಗೆ ಬೇಕಾದ ದಿನಗಳ ಟಿಕೆಟ್ ತಿಂಗಳುಗಳ ಮೊದಲೇ ಮುಗಿದಿತ್ತು. ಆದರೆ ದಿನಕ್ಕೆ 1,000 ಟಿಕೆಟುಗಳನ್ನು ಆಗ್ವಾಸ್ ಕಾಲಿಯೆಂತೆಸ್ ಊರಿನಲ್ಲೇ, ಮರುದಿನದ ಪ್ರವೇಶಕ್ಕೆ, ಕೈಗೆ ಕೊಡುತ್ತಾರೆ. ಮೂಲ ಪಾಸ್‌ಪೋರ್ಟ್ ತೋರಿಸಿ ಸರದಿಯ ಚೀಟಿ ಪಡೆಯಬೇಕು, ಆಮೇಲೆ ಹೇಳಿದ ಹೊತ್ತಿಗೆ ಮತ್ತೆ ಬಂದು ಹಣ ಕಟ್ಟಬೇಕು. ಹಾಗಾಗಿ ಒಯಾಂತಾಯ್‌ಟಾಂಬೊದಿಂದ ರೈಲಿನಲ್ಲಿ ಆ ಊರಿಗೆ ಹೋಗಿ, ಅಲ್ಲೂ ಮೂರು ರಾತ್ರಿ ಇರಿಸಿಕೊಂಡೆ. ಒಂದು ದಿನ ಕೈತಪ್ಪಿದರೆ ಇನ್ನೊಂದು ಇರಲಿ ಎಂದು. ಮೊದಲ ದಿನ ನಾನು ಬೆಪ್ಪನಾದೆ. ಚೀಟಿಯ ಸಂಖ್ಯೆ ಏಳುನೂರರ ಮೇಲಿತ್ತು. ಒಳಗೆ ನಡೆಯಲು ಗೊತ್ತುಮಾಡಿದ ದಾರಿಗಳಿಗೆ ಸುತ್ತು ಎನ್ನುತ್ತಾರೆ, ಒಂದೊಂದಕ್ಕೂ ಬೇರೆ ಟಿಕೆಟ್. ಸರದಿ ಬರುವಷ್ಟರಲ್ಲಿ ಎಲ್ಲರೂ ಬಯಸುವ ಎರಡನೆಯ ಸುತ್ತಿನ ಟಿಕೆಟ್ ಖಾಲಿ. ಸಿಕ್ಕಿದ್ದು ಮೂರನೆಯ ಸುತ್ತು, ಕೆಳಭಾಗದ್ದು. ಮುಖ ಸಣ್ಣದು ಮಾಡಿಕೊಂಡು ತಂದೆ. ಆದರೆ ಅದೇ ಅಮ್ಮನಿಗೆ ಹೇಳಿ ಮಾಡಿಸಿದಂತಿತ್ತು: ಮೆಟ್ಟಿಲು ಕಡಿಮೆ, ಸೂರ್ಯ ದೇವಾಲಯದ ಬಾಗಿದ ಗೋಡೆ ಹತ್ತಿರ, ಒಂದರ ಕೆಳಗೊಂದು ನೀರು ಬೀಳುವ ಹದಿನಾರು ಕಲ್ಲಿನ ತೊಟ್ಟಿಗಳ ಸಾಲು. ವಯಸ್ಸಾದವರನ್ನು ಕರೆದೊಯ್ಯುವವರು ಮೂರನೆಯ ಸುತ್ತನ್ನೇ ಕೇಳಿ ಪಡೆಯಿರಿ. ಮರುದಿನ ನನ್ನ ಚೀಟಿ ಇನ್ನೂರರ ಒಳಗಿತ್ತು, ಎರಡನೆಯ ಸುತ್ತೂ ದಕ್ಕಿತು. ಏನು ಮಾಡಿದೆ ಎಂದು ಕೇಳಬೇಡಿ. ಕಳ್ಳದಾರಿಯಲ್ಲ, ಲಂಚವಲ್ಲ, ಅಷ್ಟು ಹೇಳಬಲ್ಲೆ. ಹತ್ತು ಜನಕ್ಕೆ ತಿಳಿದರೆ ಅದು ಕೆಲಸ ಮಾಡುವುದಿಲ್ಲ, ನಾನು ಇನ್ನೊಮ್ಮೆ ಹೋಗುವವನಿದ್ದೇನೆ.

ತಲೆಗೆ 152 ಸೋಲ್, ಎರಡು ದಿನ. ಮೇಲೆ ಹೋಗಿಬರುವ ಬಸ್ಸಿಗೆ 24 ಡಾಲರ್, ಅದೂ ಎರಡು ಸಲ. ಒಳಗೆ ಶೌಚಾಲಯವಿಲ್ಲ, ಹೊರಬಂದರೆ ಮರಳಿ ಬಿಡುವುದಿಲ್ಲ. ಅಮ್ಮ ಬೆಳಗಿನ ಚಹಾ ಬಿಟ್ಟು ಗೆದ್ದಳು. ಊರುಗೋಲಿನ ತುದಿಗೆ ರಬ್ಬರ್ ಇಲ್ಲದಿದ್ದರೆ ತಕರಾರು ತೆಗೆಯುತ್ತಾರೆ. ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಕಟ್ಟಿದ್ದೆ, ಕಾವಲುಗಾರ ನೋಡಿ ನಕ್ಕು ಬಿಟ್ಟ.

ಹಣದಲ್ಲಿ ಎಡವಿದ್ದು ಬೇರೆ ಕಡೆ. ಒಯಾಂತಾಯ್‌ಟಾಂಬೊ ಇರುವ ಪವಿತ್ರ ಕಣಿವೆಯ ತಾಣಗಳಿಗೆ 70 ಸೋಲ್‌ನ ಅರೆ ಟಿಕೆಟ್ ಸಾಕೆಂದು ಕೊಂಡೆ. ಕೊನೆಗೆ ಕುಸ್ಕೊಗೆ ಬಂದು ಇಂಕಾ ಕೋಟೆ ಸಾಕ್ಸಾಯ್‌ವಾಮಾನ್ ನೋಡಲು ಮತ್ತೊಂದು 70. ಹತ್ತು ದಿನದ ಪೂರ್ತಿ ಟಿಕೆಟ್ 130 ಇತ್ತು. ಹತ್ತು ಸೋಲ್ ಉಳಿತಾಯವಾಗುತ್ತಿತ್ತು, ನೋಡುವ ಜಾಗಗಳೂ ಹೆಚ್ಚಾಗುತ್ತಿದ್ದವು. ಮಾರಾಸ್‌ನ ಉಪ್ಪಿನ ಗದ್ದೆಗಳು ಇದರಲ್ಲಿ ಸೇರಿಲ್ಲ, ಅದಕ್ಕೆ ಬೇರೆ ಕೊಡಬೇಕು. ಕುಮಟಾ ಕಡೆಯವರಾದ ನಮಗೆ ಸಾಣಿಕಟ್ಟಾದ ಉಪ್ಪಿನಾಗರ ಹೊಸದಲ್ಲ, ಆದರೆ ಸಮುದ್ರವೇ ಇಲ್ಲದ ಬೆಟ್ಟದ ಊಟೆಯಿಂದ ಉಪ್ಪುನೀರು ಬಂದು ಮೂರು ಸಾವಿರಕ್ಕೂ ಹೆಚ್ಚು ಪುಟ್ಟ ಗದ್ದೆಗಳಲ್ಲಿ ಒಣಗುವುದನ್ನು ಅಮ್ಮ ಮಾಚು ಪಿಚುವಿಗಿಂತ ಹೆಚ್ಚು ಹೊತ್ತು ನೋಡಿದಳು. ಎರಡು ಕಿಲೋ ಉಪ್ಪು ಕೊಂಡಳು. ಆ ಭಾರ ನನ್ನ ಬೆನ್ನಿಗೆ.

ಅಡುಗೆಯ ಪ್ರಯೋಗಗಳನ್ನು ಹೇಳದಿದ್ದರೆ ಬರಹ ಪೂರ್ತಿಯಾಗದು. ಕುಸ್ಕೊದಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯ ಅನ್ನ ಬೇಗ ಬೇಯುವುದಿಲ್ಲ. ಎರಡು ಲೀಟರಿನ ಕುಕ್ಕರ್ ಹೊತ್ತು ತಂದದ್ದಕ್ಕೆ ಭಾವ ಹಾಸ್ಯ ಮಾಡಿದ್ದರು. ಮನೆಯಲ್ಲಿ ಮೂರು ಕೂಗಿಗೆ ಬೇಯುವ ತೊಗರಿಬೇಳೆಗೆ ಅಲ್ಲಿ ಆರು ಬೇಕಾಯಿತು, ಆದರೆ ಬೆಂದಿತು. ಕಿನೋವಾ ಉಪ್ಪಿಟ್ಟು ಚೆನ್ನಾಗಿ ಬಂತು. ತೊಳೆಯದೆ ಮಾಡಿದ ಮೊದಲ ಸಲ ಮಾತ್ರ ಕಹಿ. ಚುನ್ಯೊ ಎಂಬ ಒಣ ಆಲೂಗಡ್ಡೆಯನ್ನು ಸಂತೆಯಲ್ಲಿ ಕೊಂಡೆವು. ರಾತ್ರಿಯ ಹಿಮಕ್ಕೆ ಹೆಪ್ಪುಗಟ್ಟಿಸಿ, ಹಗಲು ಕಾಲಿನಿಂದ ತುಳಿದು ನೀರು ಹಿಂಡಿ ಒಣಗಿಸುವ ಪದಾರ್ಥ, ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ಸಂಡಿಗೆಯ ದೂರದ ನೆಂಟ ಎಂದು ಅಮ್ಮ ಪಲ್ಯ ಮಾಡಿದಳು. ಬಾಟಲಿಯ ಬೂಚು ಅಗಿದಂತಿತ್ತು.

ಕೊನೆಯ ಮೂರು ರಾತ್ರಿ ಕುಸ್ಕೊದಲ್ಲಿ. ಅಷ್ಟರಲ್ಲಿ ಮೈ ಒಗ್ಗಿತ್ತು, ಅಮ್ಮ ಸ್ಯಾನ್ ಬ್ಲಾಸ್‌ನ ಏರು ಬೀದಿಗಳನ್ನೂ ನಿಧಾನವಾಗಿ ಹತ್ತಿದಳು. ನನಗೆ ಮತ್ತೆ ಹಮ್ಮು ಬಂತು. ಬೆಳಗಿನ ನಾಲ್ಕಕ್ಕೆ ಎದ್ದು ಒಬ್ಬನೇ ಐದು ಸಾವಿರ ಮೀಟರಿನ ವಿನಿಕುಂಕಾಕ್ಕೆ, ಬಣ್ಣದ ಬೆಟ್ಟಕ್ಕೆ ಹೋದೆ. ಕೊನೆಯ ಏರಿನಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತು, ವಾಂತಿ ಮಾಡಿಕೊಂಡು, ತುದಿ ಕಣ್ಣೆದುರಿಗೇ ಇರುವಾಗ ಹಿಂದಿರುಗಿದೆ. 90 ಸೋಲ್ ನೀರುಪಾಲು.

ನ್ಯೂಜೆರ್ಸಿಯಿಂದ ನ್ಯೂಜೆರ್ಸಿಗೆ, ಇಬ್ಬರಿಗೆ, ವಿಮಾನ, ರೈಲು, ಊಟ, ವಾಂತಿ ಎಲ್ಲ ಸೇರಿ ಎರಡು ಲಕ್ಷ ಮೂವತ್ತು ಸಾವಿರದ ಹತ್ತಿರ ಆಯಿತು. ಅದೇ ದಿನಗಳಿಗೆ ಒಬ್ಬ ಏಜೆಂಟ್ ಕೇಳಿದ್ದು ನಾಲ್ಕೂವರೆ ಲಕ್ಷ. ಇದರಲ್ಲಿ ಸೇರದ ಒಂದು ನಷ್ಟವಿದೆ: ಅಕ್ಕನಿಗೆಂದು ಅಮ್ಮ ಕೊಂಡ ಆರು ಪೊಟ್ಟಣ ಕೋಕಾ ಚಹಾ. ಕೊಕೇನ್ ತೆಗೆಯುವುದೂ ಅದೇ ಎಲೆಯಿಂದ, ಅಮೆರಿಕದೊಳಗೆ ಅದನ್ನು ಒಯ್ಯುವುದು ಅಪರಾಧ ಎಂದು ಲಿಮಾದ ವಿಮಾನ ನಿಲ್ದಾಣದಲ್ಲಿ ನನಗೆ ಹೊಳೆಯಿತು. ಕಸದ ಡಬ್ಬಿಗೆ ಹಾಕುವಾಗ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಉಪ್ಪು ಮಾತ್ರ ಸುರಕ್ಷಿತವಾಗಿ ಬಂತು.

ಭಾವ ಈಗ ಮುಂದಿನ ಮೇ ತಿಂಗಳಿಗೆ ತಮ್ಮ ತಂದೆತಾಯಿಯನ್ನು ಕರೆದೊಯ್ಯುವವರಿದ್ದಾರೆ. ನನ್ನ ಲೆಕ್ಕದ ಹಾಳೆ ಕೇಳಿದರು, ಕಳುಹಿಸಿದ್ದೇನೆ. ಸರದಿ ಚೀಟಿಯ ಸಾಲು ಅದರಲ್ಲಿಲ್ಲ ಎಂಬುದು ಅವರ ಕಣ್ಣಿಗೆ ಇನ್ನೂ ಬಿದ್ದಿಲ್ಲ.